ಟೆಸ್ಟ್ ಓಡುವಾಗ ಫೋನಿನ ಸ್ಕ್ರೀನ್ ತಾನಾಗೇ ತಿರುಗುತ್ತಿದೆ, ಹಿಡಿದು ನಿಲ್ಲಿಸೋದು ಹೇಗೆ?

ಹಾಸನದಹುಡುಗಿ · ಸೋಮವಾರ, ಬೆಳಿಗ್ಗೆ 10:20

ಎಲ್ಲರಿಗೂ ನಮಸ್ಕಾರ. ಮೂರು ವಾರದಿಂದ ಒಂದೇ ತೊಂದರೆಯ ಹಿಂದೆ ಬಿದ್ದಿದ್ದೇನೆ, ಬಿಡಿಸೋಕೆ ಆಗುತ್ತಿಲ್ಲ. ಯಾರಿಗಾದರೂ ಗೊತ್ತಿದ್ದರೆ ದಯವಿಟ್ಟು ಹೇಳಿ.

ನಮ್ಮದು ಸರ್ವೆ ಆ್ಯಪ್. ಮನೆಮನೆಗೆ ಹೋಗಿ ವಿವರ ಬರೆದುಕೊಳ್ಳುವವರು ಫೋನಿನಲ್ಲೋ ಟ್ಯಾಬ್‌ನಲ್ಲೋ ತುಂಬುತ್ತಾರೆ. 9 ಪುಟದ ಫಾರ್ಮ್, ಎಲ್ಲ ಕನ್ನಡದಲ್ಲೇ. ಕೊನೆಯ ಪುಟದಲ್ಲಿ ಮನೆಯ ಫೋಟೊ ತೆಗೆಯಬೇಕು. ಟೆಸ್ಟ್‌ಗಳನ್ನು ಆಪಿಯಂನಲ್ಲಿ (ಮನುಷ್ಯರ ಹಾಗೆ ಆ್ಯಪನ್ನು ಮುಟ್ಟಿ, ಟೈಪ್ ಮಾಡಿ ಪರೀಕ್ಷಿಸುವ ಟೂಲ್) ಬರೆದಿದ್ದೇನೆ. ಆಪಿಯಂ ಮಾತನ್ನು ಫೋನಿಗೆ ಮುಟ್ಟಿಸೋದು ಯುಐಆಟೊಮೇಟರ್2 ಡ್ರೈವರ್, ಭಾಷೆ ಜಾವಾ. 6 ಆಂಡ್ರಾಯ್ಡ್ ಫೋನ್, 2 ಟ್ಯಾಬ್ ಇವೆ. ದಿನಾ ರಾತ್ರಿ 11ಕ್ಕೆ ಓಡುತ್ತವೆ.

ತೊಂದರೆ ಹೀಗಿದೆ. ಕೆಲವು ಟೆಸ್ಟ್‌ಗಳು ಒಂದು ರಾತ್ರಿ ಪಾಸ್, ಇನ್ನೊಂದು ರಾತ್ರಿ ಫೇಲ್. ಫೇಲ್ ಆದಾಗಿನ ಸ್ಕ್ರೀನ್‌ಶಾಟ್ ತೆಗೆದು ನೋಡಿದರೆ ಸ್ಕ್ರೀನ್ ಅಡ್ಡ ತಿರುಗಿರುತ್ತದೆ. ಆ ಟೆಸ್ಟ್‌ಗಳಲ್ಲಿ ತಿರುಗಿಸು ಅಂತ ನಾನು ಒಂದು ಸಾಲೂ ಬರೆದಿಲ್ಲ! ಲಾಗ್‌ನಲ್ಲಿ ಜಾಸ್ತಿ ಬರೋದು ಸ್ಟೇಲ್ ಎಲಿಮೆಂಟ್ ಎರರ್, ಅಂದರೆ ಮುಂಚೆ ಹುಡುಕಿಟ್ಟ ಬಟನ್ ಅಥವಾ ಫೀಲ್ಡ್ ಈಗ ಇಲ್ಲ ಅಂತ.

ಇನ್ನೊಂದು ವಿಷಯ ಇದಕ್ಕಿಂತ ವಿಚಿತ್ರ. ಫೋನ್ ತಿರುಗಿಸಿದರೆ ತುಂಬಿದ ಮಾಹಿತಿ ಉಳಿಯುತ್ತದಾ ಅಂತ ನೋಡೋಕೆ ಬೇರೆಯೇ ಒಂದು ಟೆಸ್ಟ್ ಇದೆ. ಅದು ಹೆಚ್ಚು ಕಡಿಮೆ ದಿನಾ ಪಾಸ್ ಆಗುತ್ತದೆ. ಆದರೆ ಊರುಗಳಲ್ಲಿ ಕೆಲಸ ಮಾಡುವವರು ಫೋನ್ ಮಾಡಿ, "ಮೇಡಂ, ಟ್ಯಾಬ್ ಸ್ವಲ್ಪ ವಾಲಿತು, ಮೂರು ಪುಟ ತುಂಬಿದ್ದೆಲ್ಲ ಹೋಯ್ತು" ಅನ್ನುತ್ತಾರೆ. ನಾನೇ ಕೈಯಲ್ಲಿ ಹಿಡಿದು ತಿರುಗಿಸಿದೆ. ನಿಜವಾಗಿಯೂ ಹೋಗುತ್ತದೆ.

ಮ್ಯಾನೇಜರ್, "ಸುಮ್ನೆ ಪೋರ್ಟ್ರೇಟ್‌ಗೆ ಲಾಕ್ ಮಾಡಿಬಿಡಿ, ಎಲ್ಲ ಸರಿಹೋಗುತ್ತದೆ" ಎನ್ನುತ್ತಿದ್ದಾರೆ. ಅಂದರೆ ಆ್ಯಪನ್ನು ಉದ್ದ ನಿಲುವಿಗೇ ಕಟ್ಟಿಹಾಕೋದು. ನನಗೆ ಯಾಕೋ ಅದು ಸರಿ ಅನಿಸುತ್ತಿಲ್ಲ.

---

ರಾತ್ರಿಪಾಳಿ · ಸೋಮವಾರ, 10:48

ಮೊದಲು ಒಂದು ಪ್ರಶ್ನೆ. ಫೋನ್‌ಗಳನ್ನು ಹೇಗೆ ಇಟ್ಟಿದ್ದೀರಿ? ಮೇಜಿನ ಮೇಲೆ ಮಲಗಿಸಿದ್ದೀರಾ, ಸ್ಟ್ಯಾಂಡ್‌ನಲ್ಲಿ ನಿಲ್ಲಿಸಿದ್ದೀರಾ?

---

ಹಾಸನದಹುಡುಗಿ · ಸೋಮವಾರ, 10:55

ಮರದ ಒಂದು ರ‍್ಯಾಕ್ ಮಾಡಿಸಿದ್ದೇವೆ. ಚಾರ್ಜರ್ ವೈರ್ ಕೆಳಗಿಂದ ಚುಚ್ಚಿದರೆ ಮಡಚಿಕೊಳ್ಳುತ್ತದೆ ಅಂತ ಫೋನ್‌ಗಳನ್ನು ಅಡ್ಡ ನಿಲ್ಲಿಸಿ ಸ್ವಲ್ಪ ಹಿಂದಕ್ಕೆ ಒರಗಿಸಿದ್ದೇವೆ. ಸಂಜೆ ಯಾರಾದರೂ ಫೋನ್ ತೆಗೆದುಕೊಂಡು ಹೋದರೆ ಮತ್ತೆ ಹೇಗೆ ಬೇಕೋ ಹಾಗೆ ಇಟ್ಟುಹೋಗುತ್ತಾರೆ.

---

ರಾತ್ರಿಪಾಳಿ · ಸೋಮವಾರ, 11:20

ಹಾಗಾದರೆ ಅರ್ಧ ಉತ್ತರ ಅಲ್ಲೇ ಇದೆ.

ಫೋನಿನ ಒಳಗಿರುವ ಆಕ್ಸೆಲರೋಮೀಟರ್ ಭೂಮಿಯ ಸೆಳೆತ ಯಾವ ಕಡೆಗಿದೆ ಅಂತ ಅಳೆಯುತ್ತದೆ. ಫೋನ್ ನೆಟ್ಟಗೆ ನಿಂತಿದ್ದರೆ ಸೆಕೆಂಡಿಗೆ ಸೆಕೆಂಡಿಗೆ 9.8 ಮೀಟರ್ ಅನ್ನೋ ಆ ಸೆಳೆತ ಪೂರ್ತಿ ಉದ್ದದ ಅಕ್ಷದ ಮೇಲೆ ಬೀಳುತ್ತದೆ. ಅಡ್ಡ ನಿಲ್ಲಿಸಿದರೆ ಅಗಲದ ಅಕ್ಷದ ಮೇಲೆ. ಅಂಗಾತ ಮಲಗಿಸಿದರೆ ಪೂರ್ತಿ ಮೂರನೇ ಅಕ್ಷಕ್ಕೆ ಹೋಗುತ್ತದೆ. ಆಗ ಯಾವುದು ಮೇಲೆ, ಯಾವುದು ಪಕ್ಕ ಅಂತ ಫೋನಿಗೆ ತಿಳಿಯೋದೇ ಇಲ್ಲ. ಹಿಂದೆ ಹೇಗಿತ್ತೋ ಹಾಗೇ ಇರುತ್ತದೆ. ನಿಮ್ಮ ಫೋನ್‌ಗಳು ಅಡ್ಡ ನಿಂತು ಹಿಂದಕ್ಕೆ ಒರಗಿವೆ. ಆಟೊ ರೊಟೇಟ್ ಆನ್ ಇದ್ದರೆ ಕೆಲವು ತಿರುಗುತ್ತವೆ, ಕೆಲವು ತಿರುಗೋದಿಲ್ಲ. ಯಾರಾದರೂ ರ‍್ಯಾಕ್ ಮುಟ್ಟಿದರೆ ಲೆಕ್ಕವೇ ಬದಲಾಗುತ್ತದೆ.

ಟೆಸ್ಟ್ ಶುರುವಾಗುವ ಮುಂಚೆ ಸೆನ್ಸರ್‌ನ ಮಾತು ಕೇಳಬೇಡ ಅಂತ ಫೋನಿಗೆ ಹೇಳಿಬಿಡಿ. ಕಂಪ್ಯೂಟರ್‌ನಿಂದ ಫೋನಿಗೆ ಆದೇಶ ಕಳಿಸುವ ಎಡಿಬಿಯಲ್ಲಿ ಎರಡೇ ಸಾಲು. ಇಲ್ಲಿ ಕನ್ನಡ ಲಿಪಿಯಲ್ಲಿ ಬರೆಯುತ್ತಿದ್ದೇನೆ, ಟರ್ಮಿನಲ್‌ನಲ್ಲಿ ಇಂಗ್ಲಿಷಿನ ಸಣ್ಣ ಅಕ್ಷರಗಳಲ್ಲಿ ಟೈಪ್ ಮಾಡಿ:

ಎಡಿಬಿ ಶೆಲ್ ಸೆಟ್ಟಿಂಗ್ಸ್ ಪುಟ್ ಸಿಸ್ಟಮ್ ಆಕ್ಸೆಲರೋಮೀಟರ್_ರೊಟೇಶನ್ 0
ಎಡಿಬಿ ಶೆಲ್ ಸೆಟ್ಟಿಂಗ್ಸ್ ಪುಟ್ ಸಿಸ್ಟಮ್ ಯೂಸರ್_ರೊಟೇಶನ್ 0

ಮೊದಲನೆಯದು ಆಟೊ ರೊಟೇಟ್ ಆಫ್ ಮಾಡುತ್ತದೆ. ಎರಡನೆಯದು ಯಾವ ಕಡೆಗೆ ನಿಲ್ಲಬೇಕು ಅಂತ ಹೇಳುತ್ತದೆ. 0 ಅಂದರೆ ಆ ಸಾಧನದ ಸಹಜ ನಿಲುವು. 1, 2, 3 ಅಂದರೆ ಅಲ್ಲಿಂದ 90, 180, 270 ಡಿಗ್ರಿ. ಮೊದಲನೇ ಸಾಲು ಬಿಟ್ಟು ಎರಡನೆಯದನ್ನು ಮಾತ್ರ ಹಾಕಿದರೆ ಕೆಲಸ ಆಗೋದಿಲ್ಲ, ಸೆನ್ಸರ್ ಮತ್ತೆ ತನಗೆ ಬೇಕಾದ ಹಾಗೆ ತಿರುಗಿಸುತ್ತದೆ.

ಕೆಲವು ಕಂಪನಿಗಳ ಫೋನ್‌ಗಳಲ್ಲಿ ಈ ಸಾಲಿಗೆ ಅನುಮತಿ ಇಲ್ಲ ಅಂತ ಬರಬಹುದು. ಡೆವಲಪರ್ ಆಪ್ಶನ್ಸ್‌ಗೆ ಹೋಗಿ ಯುಎಸ್‌ಬಿ ಡೀಬಗಿಂಗ್‌ನ ಕೆಳಗೆ ಭದ್ರತೆಗೆ ಸಂಬಂಧಪಟ್ಟ ಇನ್ನೊಂದು ಸ್ವಿಚ್ ಇದೆಯಾ ನೋಡಿ, ಅದನ್ನೂ ಆನ್ ಮಾಡಿ.

---

ಟ್ಯಾಬ್‌ಕೆಲಸ · ಸೋಮವಾರ, 11:42

ರಾತ್ರಿಪಾಳಿ ಅಣ್ಣ ಹೇಳಿದ್ದಕ್ಕೆ ಒಂದು ಮಾತು ಸೇರಿಸುತ್ತೇನೆ. 0 ಅಂದರೆ ಪೋರ್ಟ್ರೇಟ್ ಅಂತ ಅಂದುಕೊಳ್ಳಬೇಡಿ. ಬಹಳ ಟ್ಯಾಬ್‌ಗಳಲ್ಲಿ ಸಹಜ ನಿಲುವೇ ಅಡ್ಡ. ಅಲ್ಲಿ 0 ಕೊಟ್ಟರೆ ಲ್ಯಾಂಡ್‌ಸ್ಕೇಪ್, 1 ಕೊಟ್ಟರೆ ಪೋರ್ಟ್ರೇಟ್. ನಾವು ಇದು ಗೊತ್ತಿಲ್ಲದೆ ಒಂದು ತಿಂಗಳು ಟ್ಯಾಬ್‌ನಲ್ಲಿ ಎಲ್ಲವನ್ನೂ ತಲೆಕೆಳಗು ನೋಡುತ್ತಿದ್ದೆವು. ಈಗ ಪ್ರತಿ ಸಾಧನಕ್ಕೂ ಅದರ ಸಹಜ ನಿಲುವು ಯಾವುದು ಅಂತ ಒಂದು ಪಟ್ಟಿ ಇಟ್ಟಿದ್ದೇವೆ. ಟೆಸ್ಟ್‌ನಲ್ಲಿ ಸಂಖ್ಯೆ ಬರೆಯೋದಿಲ್ಲ, ಉದ್ದ ಅಥವಾ ಅಡ್ಡ ಅಂತಷ್ಟೇ ಬರೆಯುತ್ತೇವೆ.

---

ಹುಬ್ಬಳ್ಳಿಹೈದ · ಸೋಮವಾರ, 12:15

ಇಷ್ಟೆಲ್ಲ ಯಾಕ್ರೀ? ತಿರುಗಿಸುವ ಸಾಲು ಆದಮೇಲೆ 5 ಸೆಕೆಂಡ್ ಸ್ಲೀಪ್ (ಸುಮ್ನೆ ಕಾಯೋದು) ಹಾಕಿ. ನಮ್ಮಲ್ಲಿ ಹಂಗೇ ನಡೆಯುತ್ತಿದೆ, ಸ್ಟೇಲ್ ಎಲಿಮೆಂಟ್ ಎರರ್ ಬರೋದು ನಿಂತಿದೆ.

---

ರಾತ್ರಿಪಾಳಿ · ಸೋಮವಾರ, 12:30

ಸರ್, ನಿಮ್ಮಲ್ಲಿ ನಡೆಯುತ್ತಿರಬಹುದು, ಆದರೆ ಎರರ್ ಯಾಕೆ ಬರುತ್ತದೆ ಅಂತ ನೋಡಿದರೆ ಸ್ಲೀಪ್ ಮದ್ದಲ್ಲ ಅಂತ ಗೊತ್ತಾಗುತ್ತದೆ. ಸ್ಕ್ರೀನ್ ತಿರುಗಿದಾಗ ಹಳೆಯ ಬಟನ್, ಹಳೆಯ ಫೀಲ್ಡ್ ಯಾವುದೂ ಉಳಿಯೋದಿಲ್ಲ. ಹೊಸದಾಗಿ ಕಟ್ಟಲಾಗುತ್ತದೆ. ತಿರುಗುವ ಮುಂಚೆ ಹುಡುಕಿ ಇಟ್ಟುಕೊಂಡ ಎಲಿಮೆಂಟ್ ಇಲ್ಲದ ಮನೆಯ ವಿಳಾಸ ಇದ್ದ ಹಾಗೆ. 5 ಸೆಕೆಂಡ್ ಅಲ್ಲ, 50 ಸೆಕೆಂಡ್ ಕಾದರೂ ಅದು ಸಿಗೋದಿಲ್ಲ. ನಿಮ್ಮಲ್ಲಿ ಎರರ್ ನಿಂತಿದ್ದರೆ ಬಹುಶಃ ಸ್ಲೀಪ್ ಆದಮೇಲೆ ಎಲಿಮೆಂಟನ್ನು ಮತ್ತೆ ಹುಡುಕುತ್ತಿದ್ದೀರಿ. ಕೆಲಸ ಮಾಡುತ್ತಿರೋದು ಆ ಹುಡುಕಾಟ.

ತಿರುಗಿಸಿ. ಈಗ ಯಾವ ನಿಲುವಿನಲ್ಲಿದೆ ಅಂತ ಡ್ರೈವರ್‌ನ ಕೇಳಿ. ಬೇಕಾದ ನಿಲುವು ಬರೋವರೆಗೆ ಕಾಯಿರಿ. ಆ ಪುಟದ ಒಂದು ಗುರುತು ಕಾಣೋವರೆಗೆ ಕಾಯಿರಿ. ಆಮೇಲೆ ಎಲ್ಲವನ್ನೂ ಹೊಸದಾಗಿ ಹುಡುಕಿ. ವೇಗದ ಫೋನಿನಲ್ಲಿ ಇದು ಅರ್ಧ ಸೆಕೆಂಡಿನಲ್ಲೇ ಮುಗಿಯುತ್ತದೆ, ಹಳೆಯ ಫೋನಿನಲ್ಲಿ ಎಷ್ಟು ಬೇಕೋ ಅಷ್ಟು ತೆಗೆದುಕೊಳ್ಳುತ್ತದೆ. ಡೆವಲಪರ್ ಆಪ್ಶನ್ಸ್‌ನಲ್ಲಿರುವ ಮೂರು ಅನಿಮೇಶನ್ ಸ್ಕೇಲ್‌ಗಳನ್ನು 0ಗೆ ಇಳಿಸಿಬಿಡಿ, ಕಾಯೋದು ಇನ್ನೂ ಕಡಿಮೆಯಾಗುತ್ತದೆ.

---

ಹುಬ್ಬಳ್ಳಿಹೈದ · ಸೋಮವಾರ, 12:41

ಹೌದ್ರೀ, ನೋಡಿದೆ. ಸ್ಲೀಪ್ ಕೆಳಗೆ ಮತ್ತೆ ಹುಡುಕುವ ಸಾಲು ಇದೆ. ನಾನೇ ಬರೆದು ಮರೆತಿದ್ದೆ. 140 ಟೆಸ್ಟ್‌ಗಳಲ್ಲಿ ಸ್ಲೀಪ್ ಇದೆ, ಒಂದೊಂದಾಗಿ ತೆಗೆಯುತ್ತೇನೆ.

---

ಕೋಡುಬರೆಯುವವಳು · ಸೋಮವಾರ, ಮಧ್ಯಾಹ್ನ 2:10

ನಾನು ಟೆಸ್ಟರ್ ಅಲ್ಲ, ಆಂಡ್ರಾಯ್ಡ್ ಆ್ಯಪ್ ಬರೆಯುತ್ತೇನೆ. ಹಾಸನದಹುಡುಗಿ ಹೇಳಿದ ಎರಡನೇ ವಿಷಯ ನನ್ನ ಮನಸ್ಸಿನಲ್ಲೇ ಕೊರೆಯುತ್ತಿತ್ತು. ಮೂರು ಪುಟ ತುಂಬಿದವರಿಗೆ ಅದು ಬರೀ ಬಗ್ ಅಲ್ಲ, ಆ ಮನೆಯವರ ಮುಂದೆ ಕೂತು ಅದೇ ಪ್ರಶ್ನೆಗಳನ್ನು ಮತ್ತೆ ಕೇಳಬೇಕು. ಹಾಗಾಗಿ ಸ್ವಲ್ಪ ಉದ್ದ ಬರೆಯುತ್ತೇನೆ.

ಆಂಡ್ರಾಯ್ಡ್‌ನಲ್ಲಿ ಸ್ಕ್ರೀನ್ ತಿರುಗೋದು ಅಂದರೆ ಚಿತ್ರ ತಿರುಗೋದಲ್ಲ. ಬೇರೆ ಏನೂ ಹೇಳದಿದ್ದರೆ ಸಿಸ್ಟಮ್ ಆ ಆಕ್ಟಿವಿಟಿಯನ್ನು, ಅಂದರೆ ಆ್ಯಪಿನ ಆ ಪರದೆಯನ್ನು ನಡೆಸುವ ಭಾಗವನ್ನು, ಪೂರ್ತಿ ಕೆಡವಿ ಹೊಸದಾಗಿ ಕಟ್ಟುತ್ತದೆ. ಅಡ್ಡ ನಿಲುವಿಗೆ ಬೇರೆ ಲೇಔಟ್ ಇರಬಹುದು, ಅದನ್ನು ತರಬೇಕಲ್ಲ, ಅದಕ್ಕೆ. ಆಕ್ಟಿವಿಟಿಯ ಒಳಗೆ ಸಾಮಾನ್ಯ ವೇರಿಯೇಬಲ್‌ನಲ್ಲಿ ಇಟ್ಟಿದ್ದೆಲ್ಲ ಅಲ್ಲಿಗೆ ಮುಗಿಯಿತು.

ಕೆಲವು ಸಂಗತಿಗಳು ಮಾತ್ರ ತಾವಾಗೇ ಉಳಿಯುತ್ತವೆ. ಎಡಿಟ್‌ಟೆಕ್ಸ್ಟ್‌ನಲ್ಲಿ (ಬರೆಯುವ ಫೀಲ್ಡ್) ಟೈಪ್ ಮಾಡಿದ್ದು ಉಳಿಯುತ್ತದೆ, ಆದರೆ ಅದಕ್ಕೆ ಐಡಿ ಇದ್ದರೆ ಮಾತ್ರ. ಐಡಿ ಇಲ್ಲದ ಫೀಲ್ಡ್ ಖಾಲಿಯಾಗಿ ಬರುತ್ತದೆ. ಕೋಡ್‌ನಿಂದ ಒಂದೊಂದಾಗಿ ಪ್ರಶ್ನೆ ಸೇರಿಸುವ ಫಾರ್ಮ್‌ಗಳಲ್ಲಿ ಇದು ಬಹಳ ಸಲ ಆಗುತ್ತದೆ. ಐಡಿ ಕೊಡೋದನ್ನೇ ಮರೆತಿರುತ್ತೇವೆ. ಸರ್ವೆ ಆ್ಯಪ್ ಅಂದಿರಲ್ಲ, ನಿಮ್ಮ ಡೆವಲಪರ್‌ಗಳನ್ನು ಇದನ್ನೇ ಮೊದಲು ಕೇಳಿ.

ಪರದೆಯ ಮಾಹಿತಿಯನ್ನು ಆಕ್ಟಿವಿಟಿಯ ಹೊರಗೆ ಹಿಡಿದಿಡುವ ವ್ಯೂಮಾಡೆಲ್‌ನಲ್ಲಿ ಇಟ್ಟರೆ ತಿರುಗಿದಾಗ ಉಳಿಯುತ್ತದೆ. ಗೂಗಲ್ ಇದನ್ನು 2017ರಲ್ಲಿ ತಂದದ್ದೇ ಈ ನೋವಿಗಾಗಿ. ಆದರೆ ಆ್ಯಪ್ ಹಿಂದಕ್ಕೆ ಹೋಗಿ, ಮೆಮೊರಿ ಸಾಲದೆ ಸಿಸ್ಟಮ್ ಅದರ ಪ್ರೊಸೆಸನ್ನೇ ಕೊಂದರೆ ವ್ಯೂಮಾಡೆಲ್ ಕೂಡ ಹೋಗುತ್ತದೆ. ಅದಕ್ಕೆ ಸೇವ್ಡ್ ಸ್ಟೇಟ್ (ಸಿಸ್ಟಮ್ ಕೈಗೆ ಇಟ್ಟುಕೋ ಅಂತ ಕೊಡುವ ಸಣ್ಣ ಗಂಟು) ಬೇಕು, ಇಲ್ಲವೇ ಪ್ರತಿ ಪುಟವನ್ನೂ ಡೇಟಾಬೇಸ್‌ಗೆ ಬರೆಯಬೇಕು. 9 ಪುಟದ ಫಾರ್ಮ್‌ಗೆ ನಾನಂತೂ ಡೇಟಾಬೇಸೇ ಆರಿಸುತ್ತೇನೆ. ಎಲ್ಲವನ್ನೂ ಸೇವ್ಡ್ ಸ್ಟೇಟ್‌ಗೆ ತುಂಬಲು ಹೋಗಬೇಡಿ. ಅದು ಪ್ರೊಸೆಸ್‌ಗಳ ನಡುವೆ ಮಾಹಿತಿ ಸಾಗಿಸುವ ಬೈಂಡರ್ ಮೂಲಕ ಹೋಗುತ್ತದೆ. ಇಡೀ ಪ್ರೊಸೆಸ್‌ಗೆ ಅಲ್ಲಿ ಇರೋದು 1 ಎಂಬಿ ಜಾಗ. ಫೋಟೊ ಹಾಕಿದರೆ ಆ್ಯಪ್ ಕ್ರ್ಯಾಶ್ ಆಗುತ್ತದೆ.

ಇನ್ನೊಂದು ಸಾಮಾನ್ಯ ತಪ್ಪು: ಹೊಸ ಆಕ್ಟಿವಿಟಿ ಕಟ್ಟುವಾಗ ಫ್ರಾಗ್‌ಮೆಂಟನ್ನು (ಪರದೆಯ ಒಂದು ತುಂಡು) ಮತ್ತೆ ಸೇರಿಸೋದು. ಹಳೆಯದನ್ನು ಸಿಸ್ಟಮ್ ಆಗಲೇ ವಾಪಸ್ ತಂದಿರುತ್ತದೆ. ಒಂದರ ಮೇಲೆ ಒಂದು, ಎರಡು ಫಾರ್ಮ್. ಕಣ್ಣಿಗೆ ಒಂದೇ ಕಾಣುತ್ತದೆ. ಟೆಸ್ಟ್‌ಗೆ ಮಾತ್ರ ಒಂದೇ ಹೆಸರಿನ ಎರಡು ಬಟನ್ ಸಿಗುತ್ತವೆ. ಇಂಥದ್ದನ್ನು ಮನುಷ್ಯರಿಗಿಂತ ಆಟೊಮೇಶನ್ ಬೇಗ ಹಿಡಿಯುತ್ತದೆ.

ಈಗ ನನ್ನ ಪ್ರಶ್ನೆ. ನಿಮ್ಮ ತಿರುಗಿಸುವ ಟೆಸ್ಟ್ ಶುರುವಾಗುವಾಗ ಫೋನ್ ಯಾವ ನಿಲುವಿನಲ್ಲಿರುತ್ತದೆ? ನೋಡಿದ್ದೀರಾ?

---

ಹಾಸನದಹುಡುಗಿ · ಸೋಮವಾರ, ಸಂಜೆ 5:35

ಅಕ್ಕ, ನಿಮ್ಮ ಕೊನೆಯ ಪ್ರಶ್ನೆ ಓದಿ ಎದೆ ಧಸಕ್ ಅಂತು. ಹೋಗಿ ಹಳೆಯ ಲಾಗ್ ಎಲ್ಲ ತೆಗೆದು ನೋಡಿದೆ.

ಟೆಸ್ಟ್ ಶುರುವಾಗುವಾಗಲೇ ಫೋನ್ ಅಡ್ಡ ಇರುತ್ತಿತ್ತು! ರ‍್ಯಾಕ್‌ನಲ್ಲಿ ಅಡ್ಡ ನಿಲ್ಲಿಸಿದ್ದರಿಂದ. ನನ್ನ ಟೆಸ್ಟ್ ಫೀಲ್ಡ್ ತುಂಬಿ, ಲ್ಯಾಂಡ್‌ಸ್ಕೇಪ್‌ಗೆ ತಿರುಗು ಅನ್ನುತ್ತದೆ. ಆಗಲೇ ಲ್ಯಾಂಡ್‌ಸ್ಕೇಪ್‌ನಲ್ಲಿದೆ. ಏನೂ ತಿರುಗೋದಿಲ್ಲ, ಏನೂ ಕೆಡವೋದಿಲ್ಲ, ಮಾಹಿತಿ ಹಾಗೇ ಇರುತ್ತದೆ, ಟೆಸ್ಟ್ ಪಾಸ್. ನೆಟ್ಟಗೆ ಇದ್ದ ರಾತ್ರಿಗಳಲ್ಲಿ ಅದು ಫೇಲ್ ಆಗಿದೆ. ನಾನು ಅದನ್ನು ರ‍್ಯಾಕ್‌ನ ಗಲಾಟೆ ಅಂತ ತಳ್ಳಿಹಾಕಿದ್ದೆ.

ಅಂದರೆ ಫೇಲ್ ಆದ ರಾತ್ರಿಗಳೇ ನಿಜ ಹೇಳುತ್ತಿದ್ದವು.

---

ಕೋಡುಬರೆಯುವವಳು · ಸೋಮವಾರ, 5:50

ಇದು ಯಾರಿಗೆ ಬೇಕಾದರೂ ಆಗುತ್ತದೆ, ಬೇಜಾರು ಮಾಡಿಕೊಳ್ಳಬೇಡಿ. ಮೊದಲು ಪೋರ್ಟ್ರೇಟ್‌ಗೆ ನಿಲ್ಲಿಸಿ, ನಿಂತಿದೆ ಅಂತ ಖಚಿತ ಮಾಡಿಕೊಂಡು, ತುಂಬಿ, ಆಮೇಲೆ ತಿರುಗಿಸಿ, ತಿರುಗಿದೆ ಅಂತ ಮತ್ತೆ ಖಚಿತ ಮಾಡಿಕೊಂಡು ನೋಡಿ. ಫೋನ್ ನಿಜವಾಗಿ ತಿರುಗಿಲ್ಲ ಅಂದರೆ ಟೆಸ್ಟ್ ಪಾಸ್ ಆಗಬಾರದು.

---

ರಾತ್ರಿಪಾಳಿ · ಸೋಮವಾರ, ಸಂಜೆ 6:25

ಖಚಿತ ಮಾಡಿಕೊಳ್ಳುವ ವಿಷಯದಲ್ಲಿ ಎರಡು ಎಚ್ಚರಿಕೆ.

ಯೂಸರ್_ರೊಟೇಶನ್ ಅನ್ನೋದು ಬರೀ ಕೋರಿಕೆ. ಮುಂದೆ ಇರುವ ಆ್ಯಪ್ ತನ್ನ ಮ್ಯಾನಿಫೆಸ್ಟ್‌ನಲ್ಲಿ (ಆ್ಯಪಿನ ವಿವರ ಸಿಸ್ಟಮ್‌ಗೆ ಹೇಳುವ ಫೈಲ್) ಪೋರ್ಟ್ರೇಟ್ ಮಾತ್ರ ಅಂದಿದ್ದರೆ ಫೋನಿನಲ್ಲಿ ಅದರ ಮಾತೇ ನಡೆಯುತ್ತದೆ. ಬಹಳ ಫೋನ್‌ಗಳ ಹೋಮ್ ಸ್ಕ್ರೀನ್ ಕೂಡ ತಿರುಗೋದಿಲ್ಲ. ಆದ್ದರಿಂದ ಆ್ಯಪ್ ತೆರೆಯುವ ಮುಂಚೆ ಅಡ್ಡ ಮಾಡಿ, ಹೋಮ್ ಸ್ಕ್ರೀನ್‌ನಲ್ಲೇ ನಿಂತು ನೋಡಿದರೆ ಉದ್ದ ಅಂತಲೇ ತೋರಿಸುತ್ತದೆ. ನಿಮ್ಮ ಆ್ಯಪ್ ಮುಂದೆ ಬಂದ ಮೇಲೆ ನೋಡಿ.

ಎರಡನೆಯದು ಇನ್ನೂ ಮುಖ್ಯ. ಆಪಿಯಂ ತಿರುಗಿಸುವಾಗ ಒಳಗೆ ಆಂಡ್ರಾಯ್ಡ್‌ನ ಯುಐಆಟೊಮೇಶನ್ ಬಳಸುತ್ತದೆ. ಅದು ತಿರುಗಿಸಿ ಅಲ್ಲೇ ಗಟ್ಟಿಯಾಗಿ ಹಿಡಿದುಕೊಳ್ಳುತ್ತದೆ. ಸೆಶನ್ ಮುಗಿದು ಸಂಪರ್ಕ ಕಡಿದಾಗ, ತಾನು ಬರುವ ಮುಂಚೆ ಹೇಗಿತ್ತೋ ಹಾಗೆ ವಾಪಸ್ ಮಾಡಿ ಹೋಗುತ್ತದೆ. ಮುಂಚೆ ಆಟೊ ರೊಟೇಟ್ ಆನ್ ಇದ್ದರೆ ಮತ್ತೆ ಆನ್. ಮುಂದಿನ ಟೆಸ್ಟ್ ಮತ್ತೆ ಸೆನ್ಸರ್ ಕೈಗೆ. ಅದಕ್ಕೇ ಎಡಿಬಿ ಸಾಲುಗಳನ್ನು ಸೆಶನ್ ಶುರುವಾಗುವ ಮುಂಚೆಯೇ ಹೊರಗಿನಿಂದ ಹಾಕಿ ಅಂದದ್ದು. ಒಳಗಿನಿಂದ ಹಾಕಬೇಕಾದರೆ ಆಪಿಯಂ ಸರ್ವರ್‌ಗೆ ಎಡಿಬಿ ಶೆಲ್ ಅನುಮತಿ ಕೊಟ್ಟು ಶುರು ಮಾಡಬೇಕು.

ನೇರವಾಗಿ ಯುಐಆಟೊಮೇಟರ್ ಬಳಸುವವರಿಗೆ ಫ್ರೀಜ್ ರೊಟೇಶನ್, ಅನ್‌ಫ್ರೀಜ್ ರೊಟೇಶನ್ ಅಂತ ಇವೆ. ಟೆಸ್ಟ್ ಮುಗಿಯೋವರೆಗೆ ಅನ್‌ಫ್ರೀಜ್ ಮಾಡಬೇಡಿ.

---

ಎಮ್ಯುಲೇಟರ್‌ಪ್ರಿಯ · ಸೋಮವಾರ, ರಾತ್ರಿ 9:05

ಮಾಹಿತಿ ಉಳಿಯುತ್ತದಾ ಅನ್ನೋದೊಂದೇ ಪ್ರಶ್ನೆಯಾದರೆ ನಿಜವಾಗಿ ತಿರುಗಿಸಲೇಬೇಕು ಅಂತಿಲ್ಲ. ಆಂಡ್ರಾಯ್ಡ್‌ನ ಟೆಸ್ಟ್ ಲೈಬ್ರರಿಯ ಆಕ್ಟಿವಿಟಿಸಿನಾರಿಯೋದಲ್ಲಿ ರೀಕ್ರಿಯೇಟ್ ಅಂತ ಇದೆ. ಅದೇ ಕೆಡವಿ ಕಟ್ಟುವ ಕೆಲಸ, ಸ್ಕ್ರೀನ್ ತಿರುಗೋದಿಲ್ಲ. ವೇಗ ಜಾಸ್ತಿ, ಡೆವಲಪರ್‌ಗಳೇ ಪ್ರತಿ ಬದಲಾವಣೆಗೂ ಓಡಿಸಬಹುದು. ರಾತ್ರಿಯ ಟೆಸ್ಟ್‌ನಲ್ಲಿ ಪೂರ್ತಿ ತಿರುಗಿಸಿ.

ಗೂಗಲ್‌ನ ಟೆಸ್ಟ್ ಟೂಲ್ ಎಸ್ಪ್ರೆಸ್ಸೋ ಬಳಸುವವರಿಗೆ ಎಸ್ಪ್ರೆಸ್ಸೋ ಡಿವೈಸ್ ಅಂತ ಲೈಬ್ರರಿ ಬಂದಿದೆ. ಒಂದೇ ಸಾಲಿನಲ್ಲಿ ನಿಲುವು ಬದಲಾಯಿಸಬಹುದು. ಟೆಸ್ಟ್ ಮುಗಿದ ಮೇಲೆ ತಾನಾಗೇ ವಾಪಸ್ ತರುವ ರೂಲ್ ಕೂಡ ಇದೆ. ಆದರೆ ಎಮ್ಯುಲೇಟರ್ (ಕಂಪ್ಯೂಟರ್‌ನಲ್ಲಿ ಓಡುವ ನಕಲಿ ಫೋನ್) ಬೇಕು, ಎಪಿಐ (ಆಂಡ್ರಾಯ್ಡ್ ಆವೃತ್ತಿಯ ಒಳಗಿನ ಸಂಖ್ಯೆ) 24 ಅಥವಾ ಮೇಲಿನದು. ರ‍್ಯಾಕ್‌ನ ಫೋನ್‌ಗಳಿಗೆ ಅದು ಬರೋದಿಲ್ಲ.

ಇನ್ನೊಂದು ಗೊಂದಲ ತಪ್ಪಿಸಲಿಕ್ಕೆ ಹೇಳುತ್ತೇನೆ. ಎಡಿಬಿ ಎಮು ರೊಟೇಟ್ ಅನ್ನೋದು ಎಮ್ಯುಲೇಟರ್‌ನ ಸುಳ್ಳು ಸೆನ್ಸರ್ ಮೂಲಕ ಕೆಲಸ ಮಾಡುತ್ತದೆ. ಅದಕ್ಕೆ ಆಟೊ ರೊಟೇಟ್ ಆನ್ ಇರಬೇಕು. ಮೇಲಿನ ಎರಡು ಸಾಲು ಹಾಕಿ, ಆಮೇಲೆ ಇದನ್ನು ಹಾಕಿದರೆ ಯಾಕೆ ತಿರುಗುತ್ತಿಲ್ಲ ಅಂತ ತಲೆ ಕೆಡುತ್ತದೆ. ಯಾವುದಾದರೂ ಒಂದೇ ದಾರಿ ಹಿಡಿಯಿರಿ.

---

ಐಒಎಸ್‌ಕಡೆಯವನು · ಮಂಗಳವಾರ, ಬೆಳಿಗ್ಗೆ 8:40

ಆ್ಯಪಲ್ ಕಡೆಯವರೂ ಓದುತ್ತಿದ್ದರೆ ಅವರಿಗೆ ಎರಡು ಮಾತು. ಆ್ಯಪಲ್‌ನ ಟೆಸ್ಟ್ ಟೂಲ್ ಎಕ್ಸ್‌ಸಿಯುಐಟೆಸ್ಟ್‌ನಲ್ಲಿ ಎಕ್ಸ್‌ಸಿಯುಐಡಿವೈಸ್‌ನ ಓರಿಯೆಂಟೇಶನ್‌ಗೆ ಬೆಲೆ ಕೊಟ್ಟರೆ ಸಾಕು, ತಿರುಗುತ್ತದೆ. ಎಡ ಬಲದಲ್ಲಿ ಮಾತ್ರ ಎಲ್ಲರೂ ಎಡವುತ್ತಾರೆ. ಸಾಧನದ ಲ್ಯಾಂಡ್‌ಸ್ಕೇಪ್ ಲೆಫ್ಟ್ ಅಂದರೆ ಇಂಟರ್‌ಫೇಸ್‌ನ ಲ್ಯಾಂಡ್‌ಸ್ಕೇಪ್ ರೈಟ್. ಸಾಧನ ಎಡಕ್ಕೆ ತಿರುಗಿದರೆ ಒಳಗಿನ ಚಿತ್ರ ಬಲಕ್ಕೆ ತಿರುಗಬೇಕಲ್ಲ, ಅದಕ್ಕೆ. ಒಂದರ ಬೆಲೆಯನ್ನು ಇನ್ನೊಂದರ ಜೊತೆ ಹೋಲಿಸಿದರೆ ಟೆಸ್ಟ್ ಯಾವತ್ತೂ ಫೇಲ್.

ಪ್ರತಿ ಟೆಸ್ಟ್ ಕೊನೆಗೆ ಪೋರ್ಟ್ರೇಟ್‌ಗೆ ವಾಪಸ್ ತನ್ನಿ. ಇಲ್ಲದಿದ್ದರೆ ಮುಂದಿನ ಟೆಸ್ಟ್ ಅಡ್ಡದಲ್ಲೇ ಶುರುವಾಗುತ್ತದೆ.

---

ಎಲ್ಲರಿಗೂಕಾಣಲಿ · ಮಂಗಳವಾರ, 9:30

ಮ್ಯಾನೇಜರ್ ಹೇಳಿದ ಪೋರ್ಟ್ರೇಟ್ ಲಾಕ್ ಬಗ್ಗೆ ಯಾರೂ ಹೇಳಿಲ್ಲ. ನಾನು ಅಂಗವಿಕಲರಿಗೆ ಆ್ಯಪ್‌ಗಳು ಬಳಸಲು ಬರುತ್ತವಾ ಅಂತ ಪರೀಕ್ಷೆ ಮಾಡುವ ಕೆಲಸದಲ್ಲಿದ್ದೇನೆ. ದಯವಿಟ್ಟು ಲಾಕ್ ಮಾಡಬೇಡಿ.

ಗಾಲಿಕುರ್ಚಿಯಲ್ಲಿ ಕೂತು ಕೆಲಸ ಮಾಡುವವರು ಟ್ಯಾಬನ್ನು ಕುರ್ಚಿಯ ಕೈಗೆ ಅಡ್ಡವಾಗಿ ಬಿಗಿದಿರುತ್ತಾರೆ. ಅವರು ಅದನ್ನು ತಿರುಗಿಸೋಕೆ ಆಗೋದಿಲ್ಲ. ಆ್ಯಪ್ ಉದ್ದಕ್ಕೆ ಮಾತ್ರ ಅಂದರೆ ಅವರು ಕತ್ತು ವಾಲಿಸಿ ಓದಬೇಕು. ಅಂಗವಿಕಲರಿಗೂ ಬಳಸಲು ಬರಬೇಕು ಅನ್ನುವ ಅಂತರರಾಷ್ಟ್ರೀಯ ಮಾರ್ಗಸೂಚಿ, 2018ರಲ್ಲಿ ಬಂದ ಡಬ್ಲ್ಯುಸಿಎಜಿ 2.1ರಲ್ಲಿ 1.3.4 ಅನ್ನೋ ನಿಯಮವೇ ಇದಕ್ಕಾಗಿ ಇದೆ, ಎಎ ಹಂತದ್ದು (ಮೂರು ಹಂತಗಳಲ್ಲಿ ನಡುವಿನದು). ತೀರಾ ಅಗತ್ಯ ಇಲ್ಲದಿದ್ದರೆ ಒಂದೇ ನಿಲುವಿಗೆ ಕಟ್ಟಿಹಾಕಬಾರದು ಅನ್ನುತ್ತದೆ. ನಮ್ಮ ದೇಶದ ಸರ್ಕಾರಿ ವೆಬ್‌ಸೈಟ್ ಮತ್ತು ಆ್ಯಪ್‌ಗಳ ಮಾರ್ಗಸೂಚಿ ಜಿಐಜಿಡಬ್ಲ್ಯು 3.0 ಕೂಡ ಡಬ್ಲ್ಯುಸಿಎಜಿ 2.1ರ ಎಎ ಹಂತವನ್ನೇ ಕೇಳುತ್ತದೆ. ನಿಮ್ಮ ಸರ್ವೆ ಸರ್ಕಾರದ್ದಾದರೆ ಇದನ್ನು ಮ್ಯಾನೇಜರ್‌ಗೆ ತೋರಿಸಿ.

---

ಟ್ಯಾಬ್‌ಕೆಲಸ · ಮಂಗಳವಾರ, 9:52

ಲಾಕ್ ಮಾಡಿದರೂ ಟ್ಯಾಬ್‌ನಲ್ಲಿ ಅದು ಹೆಚ್ಚು ದಿನ ನಡೆಯೋದಿಲ್ಲ. 2025ರ ಜೂನ್‌ನಲ್ಲಿ ಬಂದ ಆಂಡ್ರಾಯ್ಡ್ 16ರಿಂದ, ಆ್ಯಪ್ ಎಪಿಐ 36ಕ್ಕೆ ಗುರಿಯಿಟ್ಟಿದ್ದರೆ, ಕಿರಿದಾದ ಬದಿ 600 ಡಿಪಿ (ಆಂಡ್ರಾಯ್ಡ್ ಸ್ಕ್ರೀನ್ ಅಳೆಯುವ ಮಾನ) ಅಥವಾ ಹೆಚ್ಚು ಇರುವ ಸ್ಕ್ರೀನ್‌ನಲ್ಲಿ ಸಿಸ್ಟಮ್ ಆ ಲಾಕನ್ನು ಲೆಕ್ಕಕ್ಕೇ ತೆಗೆದುಕೊಳ್ಳೋದಿಲ್ಲ. ಆಟಗಳಿಗೆ ವಿನಾಯಿತಿ ಇದೆ. ಉಳಿದವರು ಸದ್ಯಕ್ಕೆ ಬೇಡ ಅಂತ ಹೊರಗುಳಿಯಬಹುದು, ಆದರೆ ಎಪಿಐ 37ಕ್ಕೆ ಹೋದಾಗ ಆ ದಾರಿಯೂ ಮುಚ್ಚುತ್ತದೆ. ಅಂದರೆ ತಿರುಗಿದರೂ ಸರಿಯಾಗಿ ನಡೆಯಲೇಬೇಕು.

---

ಹಾಸನದಹುಡುಗಿ · ಗುರುವಾರ, ಬೆಳಿಗ್ಗೆ 10:05

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಎರಡು ರಾತ್ರಿ ಓಡಿಸಿ ನೋಡಿದೆ.

ಆಟೊ ರೊಟೇಟ್ ಆಫ್ ಮಾಡಿದ ಮೇಲೆ ಕಾರಣವಿಲ್ಲದೆ ಫೇಲ್ ಆಗುತ್ತಿದ್ದ ಟೆಸ್ಟ್‌ಗಳೆಲ್ಲ ನೆಟ್ಟಗಾದವು. ತಿರುಗಿಸುವ ಟೆಸ್ಟ್ ಮಾತ್ರ 8 ಸಾಧನಗಳಲ್ಲೂ, ಎರಡೂ ರಾತ್ರಿ ಫೇಲ್. ಇಷ್ಟು ದಿನದಲ್ಲಿ ಒಂದು ಫೇಲ್ ನೋಡಿ ಖುಷಿಪಟ್ಟಿದ್ದು ಇದೇ ಮೊದಲು. ಡೆವಲಪರ್ ಜೊತೆ ಕೂತು ನೋಡಿದೆವು. ಅಕ್ಕ ಹೇಳಿದ್ದೇ ಸರಿ. ಪ್ರಶ್ನೆಗಳನ್ನು ಕೋಡ್‌ನಿಂದ ಸೇರಿಸುತ್ತಾರೆ, ಫೀಲ್ಡ್‌ಗಳಿಗೆ ಐಡಿ ಇಲ್ಲ. ಹಿಂದಿನ ಪುಟಗಳ ಉತ್ತರಗಳು ಆಕ್ಟಿವಿಟಿಯ ವೇರಿಯೇಬಲ್‌ನಲ್ಲಿವೆ. ಈಗ ಪ್ರತಿ ಪುಟ ಮುಗಿದಾಗ ಡೇಟಾಬೇಸ್‌ಗೆ ಬರೆಯುವ ಹಾಗೆ ಬದಲಾಯಿಸುತ್ತಿದ್ದಾರೆ. ಲಾಕ್ ಮಾಡುವ ಮಾತನ್ನು ಮ್ಯಾನೇಜರ್ ಕೈಬಿಟ್ಟರು.

ಆದರೆ ಅಡ್ಡದಲ್ಲಿ ಓಡಿಸಿದಾಗ ಹೊಸದಾಗಿ ಎರಡು ತೊಂದರೆ ಕಂಡಿವೆ. ಹೆಸರು ತುಂಬಲು ಮುಟ್ಟಿದ ಕೂಡಲೇ ಕೀಬೋರ್ಡ್ ಇಡೀ ಸ್ಕ್ರೀನ್ ತುಂಬಿಕೊಳ್ಳುತ್ತದೆ, ಮುಂದೆ ಅನ್ನೋ ಬಟನ್ ಟೆಸ್ಟ್‌ಗೆ ಸಿಗೋದಿಲ್ಲ. ಎರಡನೆಯದು, ಕೆಲವು ಬಟನ್‌ಗಳಲ್ಲಿ ಒತ್ತಕ್ಷರದ ಕೆಳಭಾಗ ಕತ್ತರಿಸಿದ ಹಾಗೆ ಕಾಣುತ್ತದೆ. "ರಾಷ್ಟ್ರೀಯತೆ" ಅನ್ನೋದು "ರಾಷೀಯತೆ" ಅಂತ ಓದೋ ಹಾಗಿದೆ.

---

ಕೋಡುಬರೆಯುವವಳು · ಗುರುವಾರ, 10:40

ಕೀಬೋರ್ಡ್ ವಿಷಯ ಹಳೆಯದು. ಅಡ್ಡ ನಿಲುವಿನಲ್ಲಿ ಎತ್ತರ ಸಾಲೋದಿಲ್ಲ ಅಂತ ಕೀಬೋರ್ಡ್ ತಾನೇ ಒಂದು ದೊಡ್ಡ ಬರೆಯುವ ಜಾಗ ತೆರೆದುಕೊಂಡು ಆ್ಯಪನ್ನು ಮುಚ್ಚಿಬಿಡುತ್ತದೆ. ಆ ಫೀಲ್ಡ್‌ನ ಐಎಂಇ (ಕೀಬೋರ್ಡ್) ಆಪ್ಶನ್ಸ್‌ನಲ್ಲಿ ಫ್ಲ್ಯಾಗ್ ನೋ ಫುಲ್‌ಸ್ಕ್ರೀನ್ ಹಾಕಿದರೆ ಹಾಗೆ ಮಾಡಬೇಡ ಅಂತ ಕೇಳಿಕೊಂಡ ಹಾಗೆ. ಟೆಸ್ಟ್‌ನಲ್ಲಿ ಟೈಪ್ ಮಾಡಿದ ಮೇಲೆ ಕೀಬೋರ್ಡ್ ಮುಚ್ಚುವ ಸಾಲು ಹಾಕಿ. ಆದರೆ ಟೆಸ್ಟ್ ಸರಿಮಾಡಿದೆವು ಅಂತ ಆ್ಯಪನ್ನು ಬಿಡಬೇಡಿ. ಹಳ್ಳಿಯಲ್ಲಿ ತುಂಬುವವರಿಗೂ ಆ ಬಟನ್ ಕಾಣುತ್ತಿಲ್ಲ ತಾನೇ.

ಒತ್ತಕ್ಷರ ನಮ್ಮ ಭಾಷೆಯವರೇ ನೋಡಬೇಕಾದ ಬಗ್. ಇಂಗ್ಲಿಷ್ ಅಕ್ಷರಕ್ಕೆ ಅಂತ ಅಳತೆ ಮಾಡಿದ ಎತ್ತರ ಕನ್ನಡಕ್ಕೆ ಸಾಲೋದಿಲ್ಲ. "ಷ್ಟ್ರೀ"ಯಂಥದ್ದರಲ್ಲಿ ಎರಡು ಒತ್ತು ಕೆಳಕ್ಕೆ ಇಳಿಯುತ್ತವೆ. ಅಡ್ಡ ಲೇಔಟ್‌ನಲ್ಲಿ ಜಾಗ ಉಳಿಸೋಕೆ ಬಟನ್ ಎತ್ತರವನ್ನು ಇನ್ನೂ ಕಡಿಮೆ ಮಾಡಿರುತ್ತಾರೆ. ಖಚಿತ ಎತ್ತರ ತೆಗೆದು ವ್ರ್ಯಾಪ್ ಕಂಟೆಂಟ್ (ಒಳಗಿನ ಅಕ್ಷರಕ್ಕೆ ಬೇಕಾದಷ್ಟು ಎತ್ತರ) ಕೊಡಿ, ಬೇಕಾದರೆ ಕನಿಷ್ಠ ಎತ್ತರ ಕೊಡಿ. ಟೆಸ್ಟ್ ಇದನ್ನು ತಾನಾಗಿ ಹಿಡಿಯೋದಿಲ್ಲ, ಪದ ಪೂರ್ತಿ ಇದೆ ಅಂತಲೇ ಹೇಳುತ್ತದೆ. ಎರಡೂ ನಿಲುವಿನ ಸ್ಕ್ರೀನ್‌ಶಾಟ್ ತೆಗೆದು ಕನ್ನಡ ಓದಬಲ್ಲವರೇ ಕಣ್ಣಿಟ್ಟು ನೋಡಬೇಕು.

---

ರಾತ್ರಿಪಾಳಿ · ಗುರುವಾರ, 11:15

ಸ್ಕ್ರೀನ್‌ಶಾಟ್ ಹೋಲಿಸುತ್ತೀರಾದರೆ ಒಂದು ಚಿಕ್ಕ ವಿಷಯ. ಆಂಡ್ರಾಯ್ಡ್ 9ರಿಂದ, ಆಟೊ ರೊಟೇಟ್ ಆಫ್ ಇದ್ದು ಫೋನ್ ಬೇರೆ ಕಡೆ ನಿಂತಿದ್ದರೆ ಕೆಳಗಿನ ಪಟ್ಟಿಯಲ್ಲಿ ತಿರುಗಿಸಬೇಕಾ ಅಂತ ಕೇಳುವ ಸಣ್ಣ ಗುರುತು ಬರುತ್ತದೆ. ನಿಮ್ಮ ರ‍್ಯಾಕ್‌ನಲ್ಲಿ ಖಂಡಿತ ಬರುತ್ತದೆ. ಹೋಲಿಸುವಾಗ ಆ ಪಟ್ಟಿಯನ್ನು ಬಿಟ್ಟುಬಿಡಿ.

ಮತ್ತೆ ನಿಮ್ಮ ಕೊನೆಯ ಪುಟದಲ್ಲಿ ಫೋಟೊ ಇದೆ ಅಂದಿರಿ. ಯೂಸರ್_ರೊಟೇಶನ್ 1ರಿಂದ ನೇರವಾಗಿ 3ಕ್ಕೆ ತಿರುಗಿಸಿ ನೋಡಿದ್ದೀರಾ? ಫೋನಿನಲ್ಲಿ ಎರಡೂ ಅಡ್ಡವೇ. ನಿಲುವು ಬದಲಾಗಿಲ್ಲ ಅಂತ ಸಿಸ್ಟಮ್ ಆಕ್ಟಿವಿಟಿಯನ್ನು ಕೆಡವೋದಿಲ್ಲ. ಆ್ಯಪ್‌ಗೆ ತಿರುಗಿದ್ದೇ ಗೊತ್ತಾಗೋದಿಲ್ಲ. ಕ್ಯಾಮೆರಾ ಪುಟಗಳಲ್ಲಿ ಚಿತ್ರ ತಲೆಕೆಳಗಾಗೋದು ಇಲ್ಲೇ.

---

ಹಾಸನದಹುಡುಗಿ · ಗುರುವಾರ, 11:22

ಇಲ್ಲ, ನೋಡಿಲ್ಲ. ಯೋಚನೆಯೇ ಬಂದಿರಲಿಲ್ಲ. ಇವತ್ತು ರಾತ್ರಿಯ ಪಟ್ಟಿಗೆ ಸೇರಿಸುತ್ತೇನೆ.

---

ಹಾಸನದಹುಡುಗಿ · ಶುಕ್ರವಾರ, ಬೆಳಿಗ್ಗೆ 9:10

8ರಲ್ಲಿ 5 ಸಾಧನಗಳಲ್ಲಿ ಮನೆ ತಲೆಕೆಳಗಾಗಿ ಬಂದಿದೆ. ಡೆವಲಪರ್‌ಗೆ ಸ್ಕ್ರೀನ್‌ಶಾಟ್ ಕಳಿಸಿದ್ದೇನೆ. ಡಿಸ್‌ಪ್ಲೇ ಲಿಸನರ್ ಹಾಕಿ ತಿರುಗಿದ್ದನ್ನು ತಾನೇ ಗಮನಿಸುವ ಹಾಗೆ ಮಾಡುತ್ತೇನೆ ಅಂದಿದ್ದಾರೆ. ರ‍್ಯಾಕ್ ಮಾತ್ರ ಹಾಗೇ ಇರಲಿ ಅಂತ ನಾನೇ ಹೇಳಿದೆ. ಫೋನ್ ಯಾವ ಕಡೆಗೆ ನಿಂತಿದ್ದರೂ ಟೆಸ್ಟ್ ಒಂದೇ ಉತ್ತರ ಕೊಡುತ್ತದಾ ಅಂತ ನೋಡಬೇಕು.